ಕಾಯುವುದರ ಖರ್ಚು: ನಿಸ್ತಂತು ಸಂವೇದಕ ಜಾಲಗಳ ಮಿತವ್ಯಯದ ಚರಿತ್ರೆ

ವಿಜ್ಞಾನದ ಚರಿತ್ರೆ ಎಂದೊಡನೆ ನಾನು ಗೆಲಿಲಿಯೋ, ನ್ಯೂಟನ್, ಫ್ಯಾರಡೆಯರ ಬಳಿಗೇ ಹೋಗುತ್ತೇನೆಂಬುದು ನನ್ನ ಹಳೆಯ ವಿದ್ಯಾರ್ಥಿಗಳ ಬಹುಕಾಲದ ಆಕ್ಷೇಪ. ಈಗ ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಒಬ್ಬ ಶಿಷ್ಯ ಈಚೆಗೆ ಫೋನಿನಲ್ಲಿ ಅದನ್ನೇ ಎತ್ತಿದ. "ಸಾರ್, ನಮ್ಮ ಕಾಲದ್ದೂ ಚರಿತ್ರೆಯೇ. ಅದನ್ನೂ ಸ್ವಲ್ಪ ಬರೆಯಿರಿ" ಎಂದ. ನೀನು ಮಾಡುವ ಕೆಲಸವೇನಪ್ಪಾ ಎಂದು ಕೇಳಿದೆ. "ಯಂತ್ರಗಳನ್ನು ಮಲಗಿಸುವುದು ಸಾರ್" ಎಂದು ನಕ್ಕ. ಆ ಮಾತಿನ ಅರ್ಥವನ್ನು ಹುಡುಕುತ್ತ ಹೋದಾಗ ದೊರೆತ ಚರಿತ್ರೆಯನ್ನು ಇಲ್ಲಿ ಬರೆದಿದ್ದೇನೆ. ಇದರಲ್ಲಿ ಯುದ್ಧವಿದೆ, ಕಡಲಹಕ್ಕಿಯಿದೆ, ಪಾವಗಡದ ಕಡಲೆಕಾಯಿ ಹೊಲವೂ ಇದೆ. ಎಂಟನೆಯ ತರಗತಿಯ ಗಣಿತ ಬಲ್ಲವರು ಯಾರೂ ಓದಬಹುದು.

ಮೊದಲು ವಿಷಯವೇನೆಂದು ಹೇಳಿಬಿಡುತ್ತೇನೆ. ಉಷ್ಣತೆ, ತೇವಾಂಶ, ಬೆಳಕು, ಕಂಪನ ಮುಂತಾದುವನ್ನು ಅಳೆಯುವ ಪುಟ್ಟ ಸಾಧನಕ್ಕೆ ಸಂವೇದಕವೆಂದು ಹೆಸರು. ಅದರ ಜೊತೆಗೆ ಒಂದು ಚಿಕ್ಕ ಗಣಕ, ಒಂದು ರೇಡಿಯೋ ಮತ್ತು ಬ್ಯಾಟರಿಗಳನ್ನು ಸೇರಿಸಿದರೆ ಒಂದು ಘಟಕವಾಗುತ್ತದೆ. ಇಂತಹ ಹತ್ತಾರು ಅಥವಾ ನೂರಾರು ಘಟಕಗಳನ್ನು ಕಾಡಿನಲ್ಲೋ ಹೊಲದಲ್ಲೋ ಸೇತುವೆಯ ಮೇಲೋ ಹರಡಿದಾಗ, ಅವು ತಂತಿಯ ಹಂಗಿಲ್ಲದೆ ತಮ್ಮತಮ್ಮಲ್ಲೇ ಮಾತನಾಡಿಕೊಂಡು ಅಳತೆಗಳನ್ನು ಒಂದು ಕೇಂದ್ರಕ್ಕೆ ಮುಟ್ಟಿಸುತ್ತವೆ. ಇದೇ ನಿಸ್ತಂತು ಸಂವೇದಕ ಜಾಲ. ತಂತಿಯಿಲ್ಲವೆಂದರೆ ವಿದ್ಯುತ್ತಿನ ತಂತಿಯೂ ಇಲ್ಲವೆಂದೇ ಅರ್ಥ. ಬ್ಯಾಟರಿಯಲ್ಲಿ ತುಂಬಿಕೊಟ್ಟ ಬುತ್ತಿ ಮುಗಿದ ದಿನ ಆ ಘಟಕದ ಆಯುಷ್ಯವೂ ಮುಗಿಯಿತು. ಆದ್ದರಿಂದ ಈ ಜಾಲಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ಬುತ್ತಿಯನ್ನು ಹೇಗೆ ಉಳಿಸುವುದೆಂಬುದರ ಚರಿತ್ರೆ.

ಅದರ ಮೊದಲ ಅಧ್ಯಾಯ ಸಂತೋಷದ್ದಲ್ಲ. ವಿಯೆಟ್ನಾಂ ಯುದ್ಧಕಾಲದಲ್ಲಿ ಲಾವೋಸ್ ದೇಶದ ಕಾಡುಗಳ ನಡುವೆ ಹಾದುಹೋಗುತ್ತಿದ್ದ ಹೋ ಚಿ ಮಿನ್ ಹಾದಿಯ ಮೇಲೆ ಕಣ್ಣಿಡಲು ಅಮೆರಿಕದ ಸೇನೆ ಸಾವಿರಾರು ಸಂವೇದಕಗಳನ್ನು ವಿಮಾನಗಳಿಂದ ಉದುರಿಸಿತು. 'ಇಗ್ಲೂ ವೈಟ್' ಎಂಬ ಆ ಕಾರ್ಯಾಚರಣೆ 1968ರಿಂದ 1973ರವರೆಗೆ ನಡೆಯಿತು. ಕೆಲವು ಸಂವೇದಕಗಳು ಈಟಿಯಂತೆ ನೆಲಕ್ಕೆ ನಾಟಿಕೊಂಡು, ಗಿಡದ ಕೊಂಬೆಯಂತೆ ಕಾಣುವ ಆಂಟೆನಾವನ್ನು ಮಾತ್ರ ಮೇಲೆ ಬಿಡುತ್ತಿದ್ದುವು. ಲಾರಿಗಳ ಸದ್ದನ್ನೋ ನೆಲದ ಅದುರನ್ನೋ ಅವು ಗ್ರಹಿಸಿದರೆ, ಆಕಾಶದಲ್ಲಿ ಸುತ್ತುತ್ತಿದ್ದ ವಿಮಾನ ಆ ಸಂಕೇತವನ್ನು ಹಿಡಿದು ಥಾಯ್ಲೆಂಡಿನ ನಾಖೋನ್ ಫನೋಮ್ ಎಂಬಲ್ಲಿದ್ದ ಗಣಕ ಕೇಂದ್ರಕ್ಕೆ ರವಾನಿಸುತ್ತಿತ್ತು. ಬ್ಯಾಟರಿ ತೀರಿದ ಸಂವೇದಕವನ್ನು ಹುಡುಕಿ ಸರಿಪಡಿಸುವವರು ಆ ಕಾಡಿನಲ್ಲಿ ಯಾರಿದ್ದರು? ಹಳೆಯವು ಸತ್ತಂತೆ ಹೊಸವನ್ನು ಉದುರಿಸುವುದೊಂದೇ ದಾರಿ. ಹಣಕ್ಕೆ ಮಿತಿಯಿಲ್ಲದ ಯುದ್ಧದಲ್ಲಿ ಮಿತವ್ಯಯದ ಪ್ರಶ್ನೆಯೇ ಏಳಲಿಲ್ಲ.

ಅನಂತರ 1978ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹರಡಿಕೊಂಡ ಸಂವೇದಕ ಜಾಲಗಳ ಬಗ್ಗೆ ಒಂದು ಕಾರ್ಯಾಗಾರ ನಡೆಯಿತು. ಇದರ ಹಿಂದೆಯೂ ಇದ್ದದ್ದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ. ಆ ಯೋಜನೆಯ ಘಟಕಗಳು ವಾಹನದಲ್ಲಿ ಹೇರಿಕೊಂಡು ಹೋಗುವಷ್ಟು ದೊಡ್ಡವು, ಅವುಗಳಿಗೆ ವಿದ್ಯುತ್ತನ್ನು ಜನರೇಟರು ಒದಗಿಸಬೇಕಾಗಿತ್ತು. ಆಲೋಚನೆ ಹುಟ್ಟಿತ್ತು, ಆದರೆ ಅದಕ್ಕೆ ತಕ್ಕ ಪುಟ್ಟ ದೇಹ ಇನ್ನೂ ಸಿಕ್ಕಿರಲಿಲ್ಲ.

ದೇಹ ಸಿಕ್ಕಿದ್ದು 1990ರ ದಶಕದಲ್ಲಿ. ಚಿಪ್ಪುಗಳು ಕುಗ್ಗಿದುವು, ರೇಡಿಯೋಗಳು ಅಗ್ಗವಾದುವು. 1997ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಪಿಸ್ಟರ್ ಅವರು 'ಸ್ಮಾರ್ಟ್ ಡಸ್ಟ್', ಅಂದರೆ ಜಾಣ ಧೂಳು, ಎಂಬ ಪ್ರಸ್ತಾವವನ್ನು ಮುಂದಿಟ್ಟರು. ಒಂದು ಘನ ಮಿಲಿಮೀಟರಿನೊಳಗೆ ಸಂವೇದಕ, ಗಣಕ, ಸಂಪರ್ಕ ಎಲ್ಲವನ್ನೂ ಅಡಗಿಸಬೇಕೆಂಬುದು ಅವರ ಗುರಿ. ಅಲ್ಲಿಂದಲೇ ಈ ಘಟಕಗಳಿಗೆ 'ಮೋಟ್' ಎಂಬ ಹೆಸರು ಬಂತು. ಹಾಗೆಂದರೆ ಧೂಳಿನ ಕಣ. ನಿಜವಾಗಿ ಬಳಕೆಗೆ ಬಂದ ಮೋಟುಗಳು ಬೆಂಕಿಪೊಟ್ಟಣದಷ್ಟಿದ್ದುವು. ಅವುಗಳಿಗೆ ಉಣಿಸು ನಮ್ಮ ಗೋಡೆ ಗಡಿಯಾರಗಳಿಗೆ ಹಾಕುವಂತಹ ಎರಡು 'ಎಎ' ಬ್ಯಾಟರಿಗಳು. ಬರ್ಕ್‌ಲಿಯಲ್ಲಿ ಡೇವಿಡ್ ಕಲ್ಲರ್, ಜೇಸನ್ ಹಿಲ್ ಮುಂತಾದವರು ಈ ಬಡ ಗಣಕಗಳಿಗೆಂದೇ 'ಟೈನಿ ಓಎಸ್' ಎಂಬ ಪುಟ್ಟ ನಿರ್ವಹಣಾ ತಂತ್ರಾಂಶವನ್ನು ರಚಿಸಿ 2000ನೆಯ ಇಸವಿಯಲ್ಲಿ ಅದರ ವಿನ್ಯಾಸವನ್ನು ಪ್ರಕಟಿಸಿದರು. ಕೆಲಸವಿಲ್ಲದಾಗ ಗಣಕವನ್ನು ನಿದ್ರೆಗೆ ಕಳುಹಿಸುವುದು ಅದರ ಮೂಲಗುಣ.

ಅದೇ ವರ್ಷ ಗ್ರೆಗರಿ ಪಾಟಿ ಮತ್ತು ವಿಲಿಯಂ ಕೈಸರ್ ಎಂಬ ಲಾಸ್ ಏಂಜಲಿಸ್‌ನ ಪ್ರಾಧ್ಯಾಪಕರು ಒಂದು ಲೆಕ್ಕವನ್ನು ಮುಂದಿಟ್ಟರು. ಒಂದು ಕಿಲೋಬಿಟ್ ಮಾಹಿತಿಯನ್ನು ನೂರು ಮೀಟರ್ ದೂರಕ್ಕೆ ರೇಡಿಯೋ ಮೂಲಕ ಕಳುಹಿಸಲು ಸುಮಾರು 3 ಜೂಲ್ ಶಕ್ತಿ ಬೇಕು. ಅಷ್ಟೇ ಶಕ್ತಿಯಲ್ಲಿ ಗಣಕವೊಂದು ಲಕ್ಷಗಟ್ಟಲೆ ಆದೇಶಗಳನ್ನು ನೆರವೇರಿಸಬಲ್ಲದು. ಎಂದರೆ, ಇಲ್ಲಿ ಯೋಚಿಸುವುದು ಅಗ್ಗ, ಮಾತನಾಡುವುದು ದುಬಾರಿ. ಆದ್ದರಿಂದ ಅಳೆದದ್ದನ್ನೆಲ್ಲ ಕೇಂದ್ರಕ್ಕೆ ಒದರುವ ಬದಲು, ತಾನೇ ಯೋಚಿಸಿ ಸಾರಾಂಶವನ್ನಷ್ಟೇ ಕಳುಹಿಸುವ ಘಟಕ ಹೆಚ್ಚು ಕಾಲ ಬದುಕುತ್ತದೆ. ಪ್ರಬಂಧವನ್ನು ಸಂಕ್ಷೇಪಿಸಿ ಬರೆಯಿರೆಂದು ಕನ್ನಡ ಮೇಷ್ಟ್ರು ಹೇಳುತ್ತಿದ್ದುದಕ್ಕೆ ಭೌತಶಾಸ್ತ್ರದ ಸಮರ್ಥನೆಯೂ ಉಂಟೆಂದಾಯಿತು.

ಈ ವಿಚಾರವನ್ನು ಒಂದು ಪದ್ಧತಿಯಾಗಿ ರೂಪಿಸಿದವರು ಎಂಐಟಿ ಸಂಸ್ಥೆಯ ವೆಂಡಿ ಹೈಂಜಲ್‌ಮನ್, ಅನಂತ ಚಂದ್ರಕಾಸನ್ ಮತ್ತು ಹರಿ ಬಾಲಕೃಷ್ಣನ್. ಕೊನೆಯ ಇಬ್ಬರೂ ಭಾರತೀಯ ಮೂಲದವರು. ಬಾಲಕೃಷ್ಣನ್ ಅವರು ಮದರಾಸಿನ ಐಐಟಿಯಲ್ಲಿ ಓದಿದವರು. 2000ದ ಜನವರಿಯಲ್ಲಿ ಹವಾಯಿಯ ಸಮ್ಮೇಳನದಲ್ಲಿ ಇವರು ಮಂಡಿಸಿದ ಪದ್ಧತಿಗೆ 'ಲೀಚ್' ಎಂದು ಹೆಸರು. ಅದರಲ್ಲಿ ಘಟಕಗಳು ಗುಂಪುಗಳಾಗಿ ಕೂಡಿಕೊಳ್ಳುತ್ತವೆ. ಪ್ರತಿ ಗುಂಪಿಗೆ ಒಬ್ಬ ನಾಯಕ. ಉಳಿದವು ಹತ್ತಿರದ ನಾಯಕನಿಗೆ ಮೆಲ್ಲಗೆ ಹೇಳಿ ಮಲಗುತ್ತವೆ. ನಾಯಕನಾದದ್ದು ಎಲ್ಲವನ್ನೂ ಕೂಡಿಸಿ, ಸಂಕ್ಷೇಪಿಸಿ, ದೂರದ ಕೇಂದ್ರಕ್ಕೆ ಕಳುಹಿಸುತ್ತದೆ. ಈ ಕೆಲಸ ಬಲು ಭಾರವಾದ್ದರಿಂದ ಒಬ್ಬನೇ ಸದಾ ನಾಯಕನಾದರೆ ಬೇಗನೆ ಸಾಯುತ್ತಾನೆ. ಆದ್ದರಿಂದ ನಾಯಕತ್ವ ಸರದಿಯಂತೆ ತಿರುಗುತ್ತದೆ. ನನ್ನ ತರಗತಿಯಲ್ಲಿ ಮಾನಿಟರನ್ನು ವಾರಕ್ಕೊಮ್ಮೆ ಬದಲಿಸುತ್ತಿದ್ದುದನ್ನು ನಿಮ್ಮಲ್ಲಿ ಹಲವರು ನೆನಪಿಟ್ಟಿರಬಹುದು. ಭಾರ ಹಂಚಿಹೋಗಬೇಕೆಂಬ ತತ್ತ್ವ ಎರಡು ಕಡೆಯೂ ಒಂದೇ. ಗಣಕದ ಮೇಲೆ ನಡೆಸಿದ ಅನುಕರಣ ಪ್ರಯೋಗಗಳಲ್ಲಿ ಅಂದಿನ ರೂಢಿಯ ಪದ್ಧತಿಗಳಿಗೆ ಹೋಲಿಸಿದರೆ ಶಕ್ತಿಯ ವ್ಯಯ ಎಂಟನೆಯ ಒಂದು ಪಾಲಿನವರೆಗೂ ಇಳಿಯಿತು. ಅದರಲ್ಲಿ ಕೊರತೆಗಳೂ ಇದ್ದುವು. ಯಾರಲ್ಲಿ ಎಷ್ಟು ಶಕ್ತಿ ಉಳಿದಿದೆಯೆಂದು ನೋಡದೆ ಚೀಟಿ ಎತ್ತಿದಂತೆ ನಾಯಕನನ್ನು ಆರಿಸಲಾಗುತ್ತಿತ್ತು. ಪ್ರತಿಯೊಂದು ಘಟಕವೂ ಕೇಂದ್ರವನ್ನು ನೇರವಾಗಿ ಮುಟ್ಟಬಲ್ಲದೆಂದು ಭಾವಿಸಲಾಗಿತ್ತು. ಮುಂದೆ ಬಂದ ನೂರಾರು ಪ್ರಬಂಧಗಳು ಈ ಕೊರತೆಗಳನ್ನು ತುಂಬುವ ಪ್ರಯತ್ನಗಳು.

ಇಲ್ಲಿಯವರೆಗಿನ ವಾದವೆಲ್ಲ ಮಾತಿನ ಖರ್ಚನ್ನು ಕುರಿತದ್ದು. ಅದಕ್ಕಿಂತ ದೊಡ್ಡದೊಂದು ಸೋರಿಕೆ ಬೇರೆ ಕಡೆ ಇದೆಯೆಂಬುದು ಪ್ರಯೋಗಶಾಲೆಯ ಹೊರಗೆ ಕಾಲಿಟ್ಟವರಿಗೆ ಎದ್ದು ಕಂಡಿತು. ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದ ಕರಾವಳಿಯಾಚೆ 'ಗ್ರೇಟ್ ಡಕ್ ಐಲೆಂಡ್' ಎಂಬ 237 ಎಕರೆಗಳ ದ್ವೀಪವಿದೆ. ಅಲ್ಲಿನ ನೆಲದ ಬಿಲಗಳಲ್ಲಿ ಒಂದು ಪುಟ್ಟ ಕಡಲಹಕ್ಕಿ ಗೂಡುಕಟ್ಟುತ್ತದೆ. ಅದರ ಹೆಸರು 'ಲೀಚ್ಸ್ ಸ್ಟಾರ್ಮ್ ಪೆಟ್ರೆಲ್'. ಮೇಲಿನ 'ಲೀಚ್' ಪದ್ಧತಿಗೂ ಇದಕ್ಕೂ ಸಂಬಂಧವಿಲ್ಲ. ಹಕ್ಕಿಯ ಹೆಸರು ವಿಲಿಯಂ ಲೀಚ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞನಿಂದ ಬಂದದ್ದು. ಈ ಹಕ್ಕಿಗೆ ಮನುಷ್ಯರ ಸುಳಿವು ಸೇರದು. ಕಾವು ಕೂತ ಮೊದಲ ದಿನಗಳಲ್ಲಿ ಯಾರಾದರೂ ಬಿಲಕ್ಕೆ ಕೈಹಾಕಿದರೆ ಅದು ಮೊಟ್ಟೆಯನ್ನೇ ತೊರೆದು ಹೋಗಿಬಿಡಬಹುದು. ಹಾಗಾದರೆ ಬಿಲದೊಳಗಿನ ಉಷ್ಣತೆಯನ್ನೂ ತೇವಾಂಶವನ್ನೂ ತಿಳಿಯುವುದು ಹೇಗೆ? ಹಕ್ಕಿ ಬರುವ ಮೊದಲೇ ಮೋಟನ್ನು ಬಿಲದಲ್ಲಿಟ್ಟು, ಋತು ಮುಗಿಯುವತನಕ ಹತ್ತಿರ ಸುಳಿಯದಿರಬೇಕು. ನಡುವೆ ಬ್ಯಾಟರಿ ಬದಲಿಸಲು ಹೋದರೆ ಯಾವ ಹಕ್ಕಿಯನ್ನು ಅರಿಯಲು ಹೊರಟಿದ್ದರೋ ಅದಕ್ಕೇ ಕೇಡು ಬಗೆದಂತೆ.

2002ರ ಬೇಸಗೆಯಲ್ಲಿ ಬರ್ಕ್‌ಲಿಯವರೂ ಇಂಟೆಲ್ ಸಂಸ್ಥೆಯ ಅಲ್ಲಿನ ಸಂಶೋಧನಾಲಯದವರೂ ಬಾರ್ ಹಾರ್ಬರಿನ ಕಾಲೇಜೊಂದರ ಜೀವಶಾಸ್ತ್ರಜ್ಞರೂ ಕೂಡಿ ಅಲ್ಲಿ 32 ಮೋಟುಗಳನ್ನು ನೆಟ್ಟರು. ಒಂಬತ್ತು ತಿಂಗಳು ಬಾಳಬೇಕೆಂಬುದು ಗುರಿ. ಅವರು ಹಾಕಿದ ಆಯವ್ಯಯದ ಲೆಕ್ಕ ನನಗೆ ಬಹಳ ಮೆಚ್ಚಿಗೆಯಾಯಿತು, ಏಕೆಂದರೆ ಅದು ಸಂಬಳದ ಹಣವನ್ನು ತಿಂಗಳಿಗೆ ಹಂಚುವ ಗೃಹಿಣಿಯ ಲೆಕ್ಕದಂತಿದೆ. ಎರಡು ಬ್ಯಾಟರಿಗಳ ಒಟ್ಟು ಬಂಡವಾಳ 2,200 ಮಿಲಿಆಂಪಿಯರ್-ಗಂಟೆ. ಅದನ್ನು 270 ದಿನಗಳಿಗೆ ಹಂಚಿದರೆ ದಿನಕ್ಕೆ 8.148. ಒಂದು ಸಂದೇಶ ಕಳುಹಿಸಲು 20 ನ್ಯಾನೋಆಂಪಿಯರ್-ಗಂಟೆ, ಅಂದರೆ ಮಿಲಿಯ ಹತ್ತು ಲಕ್ಷದ ಇಪ್ಪತ್ತು ಪಾಲು. ಸುಮ್ಮನೆ ರೇಡಿಯೋ ತೆರೆದುಕೊಂಡು ಒಂದು ಮಿಲಿಸೆಕೆಂಡು ಆಲಿಸಲು 1.25 ನ್ಯಾನೋ. ಕಳುಹಿಸುವುದಕ್ಕೆ ಇಪ್ಪತ್ತು, ಆಲಿಸುವುದಕ್ಕೆ ಒಂದೂಕಾಲು ಎಂದಾಗ ಆಲಿಸುವುದೇ ಅಗ್ಗವೆನಿಸುತ್ತದೆ ಅಲ್ಲವೆ? ಪೆನ್ಸಿಲ್ ಹಿಡಿದು ಮುಂದುವರಿಸಿ.

ನಿಮಿಷಕ್ಕೊಂದು ಸಂದೇಶದಂತೆ ದಿನವಿಡೀ ಕಳುಹಿಸಿದರೆ 1,440 ಸಂದೇಶಗಳು. ಅದರ ವೆಚ್ಚ 28,800 ನ್ಯಾನೋ, ಎಂದರೆ 0.0288 ಮಿಲಿಆಂಪಿಯರ್-ಗಂಟೆ. ಇನ್ನು ಯಾರಾದರೂ ಏನಾದರೂ ಹೇಳಿಯಾರೆಂದು ದಿನದ ಇಪ್ಪತ್ತನಾಲ್ಕು ಗಂಟೆಯೂ ಕಿವಿ ತೆರೆದಿದ್ದರೆ? ಗಂಟೆಗೆ 4.5ರಂತೆ ದಿನಕ್ಕೆ 108 ಮಿಲಿಆಂಪಿಯರ್-ಗಂಟೆ. ಮಾತಿನ ಖರ್ಚಿನ 3,750 ಪಟ್ಟು! 270 ದಿನ ಬಾಳಬೇಕಾದ ಬಂಡವಾಳ ಇಪ್ಪತ್ತೇ ದಿನಗಳಲ್ಲಿ ಬರಿದು. ದಿನದ ಪಾಲಾದ 8.148ನ್ನು ಪೂರ್ತಿಯಾಗಿ ಆಲಿಸುವುದಕ್ಕೇ ಸುರಿದರೂ ಎರಡು ಗಂಟೆ ಬರುವುದಿಲ್ಲ. ಮಾತು ದುಬಾರಿಯೆಂಬುದು ಸುಳ್ಳಲ್ಲ. ಆದರೆ ಮಾತು ಕ್ಷಣಕಾಲದ್ದು. ಮಾತಿಗಾಗಿ ಕಾಯುವುದು ದಿನವಿಡೀ. ಬ್ಯಾಟರಿಯನ್ನು ತಿಂದುಹಾಕುತ್ತಿದ್ದದ್ದು ಆ ಕಾಯುವಿಕೆ. ಆದ್ದರಿಂದಲೇ ಆ ಮೊದಲ ವರ್ಷದ ಬಿಲದ ಮೋಟುಗಳು ಅಳೆಯುವುದು, ಹೇಳುವುದು, ಮಲಗುವುದು ಇಷ್ಟನ್ನೇ ಮಾಡಿದುವು. ತಾವಾಗಿ ಯಾರ ಮಾತನ್ನೂ ಆಲಿಸಲಿಲ್ಲ.

ಬೇಸಗೆಯಲ್ಲಿ ನಲ್ಲಿನೀರಿಗಾಗಿ ಕಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ಬಿಡುವ ಹೊತ್ತು ಗೊತ್ತಿಲ್ಲದ ಬೀದಿಯಲ್ಲಿ ಮನೆಯ ಹೆಂಗಸರು ರಾತ್ರಿಯಿಡೀ ನಲ್ಲಿಯ 'ಸುಂಯ್' ಸದ್ದಿಗೆ ಕಿವಿಗೊಟ್ಟು ಎಚ್ಚರವಿರುತ್ತಾರೆ. ಕೊಡ ತುಂಬುವ ಕೆಲಸ ಅರ್ಧ ಗಂಟೆಯದು. ಆಯಾಸವೆಲ್ಲ ಕಾದದ್ದರಿಂದ ಬಂದದ್ದು.

ಹಾಗೆಂದು ಎಲ್ಲ ಘಟಕಗಳೂ ಕಿವಿ ಮುಚ್ಚಿಕೊಂಡರೆ ಅದು ಜಾಲವಾಗುವುದಿಲ್ಲ. ದೂರದ ಘಟಕದ ಸಂದೇಶವನ್ನು ನಡುವಿನದು ಕೇಳಿಸಿಕೊಂಡು ದಾಟಿಸಬೇಕು. ಮಲಗಿರುವವನಿಗೆ ಹೇಳಿದ ಮಾತು ವ್ಯರ್ಥ. ಎಚ್ಚರವಿದ್ದರೆ ಆಯುಷ್ಯ ವ್ಯರ್ಥ. ಈ ಇಕ್ಕಟ್ಟನ್ನು ಬಿಡಿಸಲು ಎರಡು ಮಾರ್ಗಗಳು ತೆರೆದುಕೊಂಡುವು.

ಮೊದಲನೆಯದು ವೇಳಾಪಟ್ಟಿಯ ಮಾರ್ಗ. ವೇ ಯೇ, ಜಾನ್ ಹೈಡಮನ್ ಮತ್ತು ಡೆಬೊರಾ ಎಸ್ಟ್ರಿನ್ ಎಂಬ ಮೂವರು 2002ರಲ್ಲಿ 'ಎಸ್-ಮ್ಯಾಕ್' ಎಂಬ ನಿಯಮಾವಳಿಯನ್ನು ಪ್ರಕಟಿಸಿದರು. ಶಕ್ತಿ ಪೋಲಾಗುವ ನಾಲ್ಕು ಬಾಗಿಲುಗಳನ್ನು ಅವರು ಪಟ್ಟಿಮಾಡಿದರು: ಇಬ್ಬರು ಒಟ್ಟಿಗೇ ಮಾತನಾಡಿ ಸಂದೇಶಗಳು ಡಿಕ್ಕಿಯಾಗುವುದು, ಬೇರೆಯವರಿಗೆ ಹೇಳಿದ್ದನ್ನು ತಾನು ಕೇಳಿಸಿಕೊಳ್ಳುವುದು, ಮಾತಿಗಿಂತ ಮಾತಿನ ಪೀಠಿಕೆಯೇ ಹೆಚ್ಚಾಗುವುದು, ಮತ್ತು ಬರಿದೇ ಕಾಯುವುದು. ಕಾಯುವ ಬಾಗಿಲನ್ನು ಮುಚ್ಚಲು ಅವರು ಸೂಚಿಸಿದ್ದು ನೆರೆಹೊರೆಯ ಘಟಕಗಳೆಲ್ಲ ಒಂದೇ ವೇಳಾಪಟ್ಟಿಗೆ ಒಪ್ಪಿ, ಒಟ್ಟಿಗೆ ಎದ್ದು ಒಟ್ಟಿಗೆ ಮಲಗುವುದನ್ನು. ಸೋಮವಾರ ಬೆಳಿಗ್ಗೆ ಆರಕ್ಕೆ ನೀರು ಬರುತ್ತದೆಂದು ಪುರಸಭೆಯವರು ಸಾರಿದರೆ ಊರೆಲ್ಲ ನೆಮ್ಮದಿಯಾಗಿ ನಿದ್ರಿಸುತ್ತದಲ್ಲ, ಹಾಗೆ. ಕೆಲವು ಸೆಕೆಂಡುಗಳಿಗೊಮ್ಮೆ ಸಂದೇಶ ಬರುವಂತಹ ಪ್ರಯೋಗಗಳಲ್ಲಿ ಸಾಮಾನ್ಯ ನಿಸ್ತಂತು ಪದ್ಧತಿ ಇದರ ಎರಡರಿಂದ ಆರು ಪಟ್ಟು ಶಕ್ತಿಯನ್ನು ಬಳಸಿತ್ತು. ಆದರೆ ಸಂದೇಶ ತಲುಪುವುದು ತಡವಾಗುತ್ತಿತ್ತು. ಉಳಿತಾಯಕ್ಕೆ ತೆತ್ತ ಬೆಲೆ ಅದು.

ವೇಳಾಪಟ್ಟಿಗೆ ಗಡಿಯಾರ ಸರಿಯಿರಬೇಕು. ಮೋಟಿನಲ್ಲಿರುವ ಸ್ಫಟಿಕದ ಗಡಿಯಾರ ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ತಪ್ಪಿದರೂ ದಿನಕ್ಕೆ 1.7 ಸೆಕೆಂಡು ಹಿಂದುಮುಂದಾಗುತ್ತದೆ. ಮಿಲಿಸೆಕೆಂಡುಗಳಲ್ಲಿ ವ್ಯವಹರಿಸುವವರಿಗೆ ಇದು ದೊಡ್ಡ ತಪ್ಪು. ಆದ್ದರಿಂದ ಘಟಕಗಳು ಆಗಾಗ್ಗೆ ಗಡಿಯಾರ ಹೊಂದಿಸಿಕೊಳ್ಳಬೇಕು, ಅದಕ್ಕೂ ಸ್ವಲ್ಪ ಮಾತು ಬೇಕು.

ಎರಡನೆಯದು ಗಡಿಯಾರದ ಹೊಂದಾಣಿಕೆ ಬೇಡದ ಮಾರ್ಗ. ಜೋಸೆಫ್ ಪೊಲಾಸ್ಟ್ರೆ, ಜೇಸನ್ ಹಿಲ್ ಮತ್ತು ಡೇವಿಡ್ ಕಲ್ಲರ್ 2004ರಲ್ಲಿ ಮಂಡಿಸಿದ 'ಬಿ-ಮ್ಯಾಕ್' ಇದಕ್ಕೆ ಪ್ರಸಿದ್ಧ ಉದಾಹರಣೆ. ಇಲ್ಲಿ ಪ್ರತಿಯೊಂದು ಘಟಕವೂ ತನ್ನ ಪಾಡಿಗೆ ತಾನು ಮಲಗಿ, ಆಗಾಗ ಕ್ಷಣಮಾತ್ರ ಎದ್ದು ಗಾಳಿಯಲ್ಲಿ ಸದ್ದಿದೆಯೇ ಎಂದು ನೋಡಿ, ಇಲ್ಲದಿದ್ದರೆ ಮತ್ತೆ ಮಲಗುತ್ತದೆ. ಹೇಳಬೇಕಾದವನು ನಿಜವಾದ ಮಾತಿಗೆ ಮುನ್ನ ಒಂದು ಉದ್ದನೆಯ ಕೂಗು ಹಾಕುತ್ತಾನೆ. ಕೇಳುವವನು ಎಷ್ಟು ಹೊತ್ತಿಗೊಮ್ಮೆ ಏಳುತ್ತಾನೋ ಅದಕ್ಕಿಂತ ಆ ಕೂಗು ಉದ್ದವಾಗಿದ್ದರೆ ಸಾಕು, ಅವನು ಅದನ್ನು ಕೇಳಿಯೇ ಕೇಳುತ್ತಾನೆ. ಗಂಟೆಗೊಮ್ಮೆ ಎದ್ದು ನಲ್ಲಿ ತಿರುಗಿಸಿ ನೋಡುವವರಿಗೆ, ಒಂದು ಗಂಟೆಗೂ ಮೀರಿ ನೀರು ಬಿಟ್ಟರೆ ತಪ್ಪದೆ ಸಿಗುವಂತೆ. ಸೆಕೆಂಡಿಗೊಮ್ಮೆ 10 ಮಿಲಿಸೆಕೆಂಡು ಎದ್ದರೆ ಆಲಿಸುವ ಖರ್ಚು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದ್ವೀಪದ ಲೆಕ್ಕದಲ್ಲಿ 108 ಇದ್ದದ್ದು 1.08 ಆಗುತ್ತದೆ. ಕಾಯುವ ಭಾರ ಕೇಳುವವನಿಂದ ಹೇಳುವವನಿಗೆ ವರ್ಗವಾಯಿತು. ಹೇಳುವುದು ಅಪರೂಪವಾದಲ್ಲಿ ಇದು ಲಾಭ. 2006ರ 'ಎಕ್ಸ್-ಮ್ಯಾಕ್' ಆ ಉದ್ದನೆಯ ಕೂಗನ್ನು ಹೆಸರು ಹಿಡಿದು ಕರೆಯುವ ತುಂಡು ಕೂಗುಗಳಾಗಿ ಒಡೆಯಿತು. ತನ್ನ ಹೆಸರಲ್ಲವೆಂದು ತಿಳಿದವರು ತಕ್ಷಣ ಮಲಗಬಹುದು. ತನ್ನದೇ ಎಂದು ತಿಳಿದವನು "ಎದ್ದಿದ್ದೇನೆ" ಎಂದುತ್ತರಿಸಿ ಕೂಗನ್ನು ನಿಲ್ಲಿಸಬಹುದು.

ಈ ಎರಡು ಮಾರ್ಗಗಳೂ ಇಂದಿಗೂ ಬದುಕಿವೆ. ಕಾರ್ಖಾನೆಗಳ ಅಳತೆಗಾಗಿ 2007ರಲ್ಲಿ ಹೊರಬಂದ 'ವೈರ್‌ಲೆಸ್ ಹಾರ್ಟ್' ಎಂಬ ಮಾನಕ ಬಿಗಿಯಾದ ವೇಳಾಪಟ್ಟಿಯದು. ಜಾಣ ಧೂಳಿನ ಪಿಸ್ಟರ್ ಅವರು ಕಟ್ಟಿದ ಕಂಪನಿಯೂ ಅದೇ ಮಾರ್ಗ ಹಿಡಿಯಿತು. ಇನ್ನು ನೀರಿನ ಮೀಟರುಗಳಲ್ಲಿ, ತೋಟಗಳಲ್ಲಿ ಬಳಸುವ, 2015ರಿಂದ ಪ್ರಚಾರಕ್ಕೆ ಬಂದ 'ಲೋರಾವ್ಯಾನ್' ಪದ್ಧತಿಯ ಸರಳ ಘಟಕಗಳು ತಾವಾಗಿ ಮಾತನಾಡಿದ ಬೆನ್ನಲ್ಲೇ ಎರಡು ಸಣ್ಣ ಕಿಟಕಿಗಳನ್ನು ತೆರೆದು ಆಲಿಸುತ್ತವೆ. ಅವುಗಳಿಗೆ ಏನಾದರೂ ಹೇಳಬೇಕಾದವರು ಆ ಕ್ಷಣಕ್ಕೇ ಕಾದಿದ್ದು ಹೇಳಬೇಕು. ಕಾಯುವ ಕೆಲಸ ಗೋಡೆಯ ವಿದ್ಯುತ್ತಿರುವ ಕೇಂದ್ರದ ಪಾಲಿಗೆ, ನಿದ್ರೆ ಬ್ಯಾಟರಿಯಿರುವ ಘಟಕದ ಪಾಲಿಗೆ. ಶಕ್ತಿಯಿದ್ದವನು ಕಾಯಲಿ, ಇಲ್ಲದವನು ಮಲಗಲಿ ಎಂಬ ಈ ಹಂಚಿಕೆ ನ್ಯಾಯವಾದದ್ದೇ.

ಇನ್ನು ನಮ್ಮ ನಾಡಿನ ಸಂಗತಿ. 2000ದ ದಶಕದ ನಡುಭಾಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಇಪಿಎಫ್ಎಲ್ ಸಂಸ್ಥೆಯೂ ಸೇರಿ 'ಕಾಮನ್-ಸೆನ್ಸ್ ನೆಟ್' ಎಂಬ ಯೋಜನೆಯನ್ನು ಕೈಗೊಂಡುವು. ನಮ್ಮವರಾದ ಪ್ರೊ. ಎಚ್. ಎಸ್. ಜಮದಗ್ನಿ ಮತ್ತು ಟಿ. ವಿ. ಪ್ರಭಾಕರ್, ಅತ್ತ ಜಾಕ್ ಪಂಶಾರ್ ಮುಂತಾದವರು ಅದರಲ್ಲಿದ್ದರು. ಆರಿಸಿಕೊಂಡ ಊರು ಪಾವಗಡ ತಾಲ್ಲೂಕಿನ ಚೆನ್ನಕೇಶವಪುರ. ಮಳೆಯನ್ನೇ ನಂಬಿ ಕಡಲೆಕಾಯಿ ಬೆಳೆಯುವ, ಪದೇಪದೇ ಬರ ಕಾಣುವ ಸೀಮೆ ಅದು. ಮಣ್ಣಿನಲ್ಲಿ ತೇವ ಎಷ್ಟು ಉಳಿದಿದೆಯೆಂಬುದನ್ನು ಬ್ಯಾಟರಿಯ ಘಟಕಗಳಿಂದ ಅಳೆದು, ಸಣ್ಣ ರೈತನ ತೀರ್ಮಾನಗಳಿಗೆ ನೆರವಾಗಬಹುದೇ ಎಂದು ನೋಡುವುದು ಉದ್ದೇಶ. 2007ರಲ್ಲಿ ಆ ಕೆಲಸದ ವಿವರ ಪ್ರಕಟವಾಯಿತು.

ಲಾವೋಸಿನ ಕಾಡಿಗೂ ಈ ಹೊಲಕ್ಕೂ ಇರುವ ಅಂತರವನ್ನು ಗಮನಿಸಿ. ಅಲ್ಲಿ ಬ್ಯಾಟರಿ ಸತ್ತರೆ ಮತ್ತೊಂದು ವಿಮಾನ ಬರುತ್ತಿತ್ತು. ಇಲ್ಲಿ ಎರಡೆಕರೆ ಖುಷ್ಕಿ ಜಮೀನಿನ ರೈತ ಇಪ್ಪತ್ತು ದಿನಕ್ಕೊಮ್ಮೆ ಬ್ಯಾಟರಿ ಕೊಂಡು ತಂದಾನೆಯೇ? ಬಿತ್ತನೆಯಾಗಿ ಮಳೆ ಕೈಕೊಟ್ಟ ವಾರದಲ್ಲಿ, ಮಣ್ಣಿನ ತೇವ ತಿಳಿಯಲೇಬೇಕಾದ ದಿನವೇ ಘಟಕ ಕಣ್ಣುಮುಚ್ಚಿದರೆ ಅದುವರೆಗೆ ಅಳೆದ ಅಳತೆಗಳಿಂದ ಅವನಿಗೇನು ಬಂತು? ಯಾವ ಉಪಕರಣದ ಉಪಚಾರವೇ ಅದರ ಉಪಕಾರಕ್ಕಿಂತ ಹೆಚ್ಚೋ ಅದು ಬಡವನ ಹೊಲದಲ್ಲಿ ನಿಲ್ಲುವುದಿಲ್ಲ. ಮಿತವ್ಯಯವೆಂಬುದು ಸಿರಿವಂತ ಪ್ರಯೋಗಶಾಲೆಗೆ ಒಂದು ಸೊಗಸಾದ ಸಮಸ್ಯೆಯಾಗಿರಬಹುದು. ಪಾವಗಡದಲ್ಲಿ ಅದು ಈ ವಿದ್ಯೆ ರೈತನಿಗೆ ದಕ್ಕುವುದೋ ಇಲ್ಲವೋ ಎಂಬ ಪ್ರಶ್ನೆ.

ಅದೇ ಪಾವಗಡದಲ್ಲಿ 2019ರ ಕೊನೆಯ ವೇಳೆಗೆ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನ ಪೂರ್ಣಗೊಂಡಿತು. ಸುಮಾರು ಹದಿಮೂರು ಸಾವಿರ ಎಕರೆಗಳ ಮೇಲೆ ಹರಡಿದ ಆ ಗಾಜಿನ ಹೊಲಗಳ ಎದುರು, ಎರಡು ಸಣ್ಣ ಬ್ಯಾಟರಿಗಳಲ್ಲಿ ಒಂಬತ್ತು ತಿಂಗಳು ಬದುಕುವುದು ಹೇಗೆಂಬ ಲೆಕ್ಕ ಹುಡುಗಾಟದಂತೆ ತೋರಬಹುದು. ಆದರೆ ಆ ಮೆಗಾವ್ಯಾಟುಗಳು ತಂತಿಯಲ್ಲಿ ಹರಿಯುತ್ತವೆ, ತಂತಿಯಿರುವಲ್ಲಿಗೆ ಹೋಗುತ್ತವೆ. ಹಕ್ಕಿಯ ಬಿಲಕ್ಕೂ ಕಡಲೆಕಾಯಿ ಗಿಡದ ಬುಡಕ್ಕೂ ತಂತಿ ಹೋಗುವುದಿಲ್ಲ. ಅಲ್ಲಿ ಇಂದಿಗೂ ಬುತ್ತಿ ಕಟ್ಟಿಕೊಂಡು ಹೋಗಿ, ಹೊತ್ತರಿತು ಎದ್ದು, ಹೇಳಬೇಕಾದಷ್ಟನ್ನೇ ಹೇಳಿ ಮಲಗುವ ಘಟಕವೇ ಬೇಕು.

ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ಅವರಿಗೆ ಈ ಲೆಕ್ಕ ಕೊಡಿ: ಬಂಡವಾಳ 2,200, ದಿನದ ಖರ್ಚು 1.08 ಮಾತ್ರವಾದರೆ ಎಷ್ಟು ವರ್ಷ ಬರುತ್ತದೆ? ಉತ್ತರ ಬಂದ ಮೇಲೆ, ನಿಜವಾದ ಬ್ಯಾಟರಿ ಅಷ್ಟು ಕಾಲ ಏಕೆ ಬರಲಾರದೆಂದೂ ಕೇಳಿ. ಭಾಗಾಕಾರ ಬಂದರೆ ಮೊದಲ ಉತ್ತರ ಸಿಗುತ್ತದೆ, ಎರಡನೆಯದಕ್ಕೆ ರಸಾಯನಶಾಸ್ತ್ರದ ಪುಸ್ತಕ ತೆರೆಯಬೇಕಾದೀತು.